ಎದುರುಗಾಳಿಗೊಬ್ಬ ಜೊತೆಗಾರ

ನಮ್ಮ ಕಾರ್ಖಾನೆಯಲ್ಲಿ ಯಾರು ನಿವೃತ್ತರಾದರೂ ಅವರಿಗೆ ಒಂದು ಶಾಲು, ಒಂದು ಗೋಡೆ ಗಡಿಯಾರ ಮತ್ತು ನಾನು ತಪ್ಪಿದ್ದಲ್ಲ. ಶಾಲು ಹೊದಿಸುವುದು ಮ್ಯಾನೇಜರು, ಗಡಿಯಾರ ಕೊಡುವುದು ಯೂನಿಯನ್ನಿನವರು. ನನ್ನ ಪಾಲಿನ ಕೆಲಸವೆಂದರೆ ನಿವೃತ್ತರಾದವರನ್ನು ಅವರ ಕಣ್ಣೆದುರಿಗೇ, ಹೆಂಡತಿ ಮಕ್ಕಳ ಸಮಕ್ಷಮದಲ್ಲಿ ಅಣಕಿಸಿ ತೋರಿಸುವುದು. ಸ್ಟೋರ್ಸಿನ ಗುಮಾಸ್ತನಾದ ನನಗೆ ಸಂಬಳ ಬರುವುದು ನಟ್ಟು ಬೋಲ್ಟು ಎಣಿಸಿದ್ದಕ್ಕೆ. ಹೆಸರು ಬಂದದ್ದು ಮಾತ್ರ ಊರವರ ಕತ್ತು, ಕಾಲು, ಕೆಮ್ಮು ಕದ್ದು. "ನಿಂದು ಅಂತ ಒಂದು ಮುಖವಾದ್ರೂ ಇದ್ಯೇನೋ?" ಎಂದು ನನ್ನ ತಾಯಿ ಕೇಳುವುದುಂಟು. ಇದೆ. ಅದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಅಷ್ಟೇ.

ಹೋದ ತಿಂಗಳು ಇನ್‌ಸ್ಪೆಕ್ಷನ್ ವಿಭಾಗದ ಸಾರ್ ನಿವೃತ್ತರಾದರು. ವೇದಿಕೆಯ ಮೇಲೆ ಮ್ಯಾನೇಜರ ಪಕ್ಕ, ಎತ್ತರದ ಕುರ್ಚಿಯಲ್ಲಿ ಅವರನ್ನು ಕೂರಿಸಿದ್ದರು. ಕಾಲು ನೆಲಕ್ಕೆ ಎಟುಕದೆ ಬೂಟುಗಳು ತೂಗಾಡುತ್ತಿದ್ದವು. ಮನೆಯವರಿಗೆಂದು ಮೊದಲ ಸಾಲಿನಲ್ಲಿ ಬಿಟ್ಟಿದ್ದ ಕುರ್ಚಿಗಳಿಗೆ ಯಾರೂ ಬರಲಿಲ್ಲವೆಂದು ಕ್ಯಾಂಟೀನಿನ ಹುಡುಗರು ಬಂದು ಕೂತರು. ನಾನು ಎದ್ದು, ಎಲ್ಲರಿಗೂ ನೆನಪಿದ್ದ ಅವರ ಹಳೇ ಕತ್ತನ್ನು ಆಮೆಯಂತೆ ಮುಂದಕ್ಕೆ ಚಾಚಿ, ಮೇಜಿಗೆ ಬಂದ ಸಾಮಾನನ್ನು ಅವರು ಪರೀಕ್ಷಿಸುತ್ತಿದ್ದಂತೆ ಮೈಕನ್ನು ತೋರುಬೆರಳ ಉಗುರಿನಿಂದ ಎರಡು ಸಲ ಕುಟ್ಟಿ, ಕಿವಿಗೊಟ್ಟು ಕೇಳಿ, "ಹ್ಞೂಂ... ಇರ್ಲಿ" ಎಂದೆ. ಸಭೆ ಬಿದ್ದು ಬಿದ್ದು ನಕ್ಕಿತು. ಸಾರ್ ಕೂಡ ನಕ್ಕರು. ಆಮೇಲೆ ಅವಲಪಲ್ಲಿಯ ಬಾಡಿಗೆ ಮನೆ ಖಾಲಿ ಮಾಡಿ ಧರ್ಮಪುರಿಯ ಅಕ್ಕನ ಮನೆಗೆ ಹೊರಟುಹೋದರು. ಹೋದಮೇಲೆ ನನಗೆ ಹೊಳೆಯಿತು: ಸಭೆಗೆ ನಾನು ಕೊಟ್ಟದ್ದು ಒಂದು ಕತ್ತು, ಒಂದು ಉಗುರು, ಒಂದೂವರೆ ಮಾತು. ಮಿಕ್ಕ ಸಾರ್ ಪೂರ್ತಿಯಾಗಿ ನನ್ನ ಹತ್ತಿರವೇ ಉಳಿದುಬಿಟ್ಟಿದ್ದಾರೆ. ಅವರನ್ನು ಎಲ್ಲಾದರೂ ಇಳಿಸಬೇಕಲ್ಲ.

ಸಾರ್ ಗೊತ್ತಿಲ್ಲದವರಿಗೂ ಹೊಸೂರಿನಲ್ಲಿ ಅವರ ಸೈಕಲ್ ಗೊತ್ತಿತ್ತು. ಕಾರ್ಖಾನೆ ಶುರುವಾದ ಹೊಸತರಲ್ಲಿ ಯಂತ್ರಗಳನ್ನು ಕೂರಿಸಿಕೊಡಲು ಹೊರದೇಶದ ಒಬ್ಬ ಎಂಜಿನಿಯರ್ ಬಂದಿದ್ದ. ಎಲ್ಲರೂ ಅವನನ್ನು ದೊರೆ ಎಂದೇ ಕರೆಯುತ್ತಿದ್ದರು. ಯಂತ್ರದ ಪೆಟ್ಟಿಗೆಗಳ ಜೊತೆ ಹಡಗಿನಲ್ಲಿ ಅವನು ತನ್ನ ಸೈಕಲನ್ನೂ ತರಿಸಿಕೊಂಡಿದ್ದ. ವಿಮಾನಕ್ಕೆ ಹಾಕುವ ಟೈಟಾನಿಯಂ ಎಂಬ ಲೋಹದ ಸೈಕಲ್. ಬಣ್ಣವಿಲ್ಲ, ಹೊಳಪಿಲ್ಲ, ಮೋಡ ಕವಿದ ಮಧ್ಯಾಹ್ನದಂಥ ಬೂದು. ಹ್ಯಾಂಡಲ್ ಟಗರಿನ ಕೊಂಬಿನಂತೆ ಕೆಳಕ್ಕೆ ಸುತ್ತಿಕೊಂಡಿತ್ತು. ಎರಡು ಬೆರಳಲ್ಲಿ ಎತ್ತಬಹುದಾದಷ್ಟು ಹಗುರ. ಮಳೆಗೆ ಬಿಟ್ಟರೂ ತುಕ್ಕು ಹಿಡಿಯುತ್ತಿರಲಿಲ್ಲ. ಕೆಲಸ ಮುಗಿಸಿ ಊರಿಗೆ ಹೊರಟ ದಿನ ದೊರೆ ಅದನ್ನು ಸಾರ್ ಮನೆ ಬಾಗಿಲಿಗೆ ಒರಗಿಸಿ, ಕೈಕುಲುಕಿ, ಹೊರಟುಹೋದ. ಆಮೇಲೆ ಅವನ ಸುದ್ದಿಯೇ ಇಲ್ಲ.

ತೊಂದರೆ ಒಂದೇ. ದೊರೆ ಆರಡಿ ದಾಟಿದವನು. ಸಾರ್ ಐದಡಿ ಚಿಲ್ಲರೆ.

ಸೀಟನ್ನು ಇಳಿಸುವಷ್ಟು ಇಳಿಸಿಯಾಗಿತ್ತು. ಆದರೂ ಪೆಡಲು ಕೆಳಗೆ ಹೋದಾಗ ಅವರ ಕಾಲಿನ ತುದಿ ಮಾತ್ರ ಅದರ ಜೊತೆ ಹೋಗುತ್ತಿತ್ತು. ಹ್ಯಾಂಡಲ್ ಹಿಡಿಯಬೇಕಾದರೆ ಬೆನ್ನು ಪೂರ್ತಿ ಚಾಚಬೇಕು. ನಿಲ್ಲಿಸಬೇಕಾದರೆ ಪಕ್ಕದಲ್ಲಿ ಕಲ್ಲೋ ಕಟ್ಟೆಯೋ ಬೇಕು. ಸೂಳಗಿರಿಯವರೆಗೆ ಹೆದ್ದಾರಿಯ ಒಂದೊಂದು ಮೈಲಿಗಲ್ಲೂ ಅವರಿಗೆ ಪರಿಚಯವಿತ್ತು; ಓದಿ ಅಲ್ಲ, ಕಾಲಿಟ್ಟು.

"ಕತ್ತರಿಸಿ ಚಿಕ್ಕದು ಮಾಡ್ಸಿಬಿಡಿ ಸಾರ್, ನನ್ನ ಪ್ಯಾಂಟನ್ನ ಹಂಗೇ ಮಾಡ್ಸೋದು" ಎಂದೆ ಒಂದು ಸಲ.

"ಕತ್ತರಿಸ್ಬಹುದು ಕಣಯ್ಯ. ಮತ್ತೆ ಸೇರ್ಸೋರು ಯಾರು? ನಮ್ಮೂರ ಗ್ಯಾಸ್ ವೆಲ್ಡಿಂಗ್ ಹಿಡಿದ್ರೆ ಬಿಸ್ಕತ್ತಿನ ಹಾಗೆ ಮುರ್ಕೊಳ್ಳುತ್ತೆ."

ಹಾಗಾಗಿ ಫ್ರೇಮನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಬದಲಾಯಿಸಿದರು. ಕೆಲಸದ ವೇಳೆ ಮುಗಿದಮೇಲೆ ಟೂಲ್‌ರೂಮಿನಲ್ಲಿ ಕೂತು ಹ್ಯಾಂಡಲ್ಲಿನ ಕತ್ತನ್ನು ಗಿಡ್ಡವಾಗಿ ಮಾಡಿಕೊಂಡರು. ಬೆಂಗಳೂರಿಗೆ ಹೋದಾಗಲೆಲ್ಲ ಹಳೇ ಸಾಮಾನಿನ ಅಂಗಡಿಗಳನ್ನು ಜಾಲಾಡಿ ಒಂದು ಪೆಡಲು, ಒಂದು ಬ್ರೇಕು ಹಿಡಿದು ತರುತ್ತಿದ್ದರು. ತಂದದ್ದನ್ನು ಲ್ಯಾಬಿನ ತಕ್ಕಡಿಯಲ್ಲಿಟ್ಟು ತೂಗಿ, ಹೆಚ್ಚು ಕಂಡರೆ ಡ್ರಿಲ್ಲಿಂಗ್ ಯಂತ್ರಕ್ಕೆ ಕೊಟ್ಟು ತೂತು ಕೊರೆಯುತ್ತಿದ್ದರು. ಚೈನು ಓಡುವ ಚಕ್ರ ತೂತು ಬಿದ್ದು ಬಿದ್ದು ಹಪ್ಪಳ ಕರಿಯುವ ಜಾಲರಿಯಂತಾಗಿತ್ತು. "ಇವರ ಕೈಗೆ ವಡೆ ಕೊಟ್ರೆ ಅದಕ್ಕೂ ತೂತು ಕೊರೀತಾರೆ" ಎಂದು ನಾನು ಕ್ಯಾಂಟೀನಿನಲ್ಲಿ ಸಾರಿದ್ದೆ. ವಡೆ ಹಾಕುವ ತಮಿಳಿನ ಅಣ್ಣಾಚಿ ತಲೆ ಎತ್ತದೆ, "ಅದು ಏರ್ಕನವೇ ಇರ್ಕು ತಂಬಿ" ಎಂದ. ತೂತು ಮೊದಲೇ ಇದೆಯಪ್ಪಾ ಎಂದು.

ಇಷ್ಟೆಲ್ಲ ಮಾಡಿದರೂ ಆ ಸೈಕಲ್ ಅವರದಾಗಲಿಲ್ಲ. ತಮಾಷೆಯೆಂದರೆ, ಬೇರೆಯವರ ಸೈಕಲ್ಲು ಅವರವರಿಗೆ ಹೊಂದುವಂತೆ ಮಾಡಿಕೊಡುವುದರಲ್ಲಿ ಸಾರ್ ಊರಲ್ಲೇ ಎತ್ತಿದ ಕೈ. ಗೇಟಿನ ಬಳಿ ನಿಂತಿರುತ್ತಿದ್ದರು. ಮಂಡಿ ಅಗಲಿಸಿಕೊಂಡು ಯಾರಾದರೂ ಬಂದರೆ ತಡೆದು ಕೇಳುತ್ತಿದ್ದರು: "ಏನಯ್ಯಾ, ಕೂತ್ಕೊಂಡಿದ್ದೀಯೋ, ಹೊಂದ್ಕೊಂಡಿದ್ದೀಯೋ?" ಜೇಬಿನಿಂದ ಸ್ಪ್ಯಾನರ್ ಬರುತ್ತಿತ್ತು. ಇನ್ನೊಂದು ಜೇಬಿನಿಂದ, ಗಾರೆ ಮೇಸ್ತ್ರಿಗಳು ಗೋಡೆ ನೆಟ್ಟಗಿದೆಯೇ ಎಂದು ನೋಡುವ, ದಾರಕ್ಕೆ ಕಟ್ಟಿದ ಗುಂಡು. ಅದನ್ನು ಮಂಡಿಚಿಪ್ಪಿನಿಂದ ಇಳಿಬಿಟ್ಟು ಪೆಡಲಿನ ಮೇಲೆ ಎಲ್ಲಿ ಬೀಳುತ್ತದೆಂದು ನೋಡುವರು. ಹಿಮ್ಮಡಿ ಪೆಡಲಿನ ಮೇಲಿಡಿಸಿ, "ಕಾಲು ಪೂರ್ತಿ ಚಾಚು, ಯಾಕೆ ಮಡಚ್ಕೋತೀಯ, ಅದಕ್ಕೇನು ಬಾಡಿಗೆ ಕೊಡ್ಬೇಕಾ?" ಎಂದು ಗದರುವರು. ನಮ್ಮೂರಲ್ಲಿ ಸೀಟು ಎಂದರೆ ಎರಡು ಕಾಲೂ ನೆಲಕ್ಕೆ ಊರುವಷ್ಟು ತಗ್ಗಿಸಿಕೊಂಡು ಕೂರುವ ಜಾಗ. ಕೋಟೆ ಕಡೆಯ ಅರ್ಚಕರ ಸೀಟನ್ನು ಹೀಗೇ ನಾಲ್ಕು ಬೆರಳು ಏರಿಸಿ ಕಳಿಸಿದರು. ಅರ್ಚಕರಿಗೆ ಹತ್ತುವುದು ಬಂತು, ಇಳಿಯುವುದು ಬರಲಿಲ್ಲ. ದೇವಸ್ಥಾನ ದಾಟಿ, ಬಸ್‌ಸ್ಟ್ಯಾಂಡ್ ದಾಟಿ, ನೈವೇದ್ಯದ ಪಾತ್ರೆ ಸಮೇತ ಹೋಗುತ್ತಲೇ ಇದ್ದರಂತೆ.

ನನ್ನನ್ನೂ ಅಳೆದಿದ್ದರು. ದಾರ ಎತ್ತಿ ಸುತ್ತಿಕೊಳ್ಳುತ್ತ, "ನಿಂಗೆ ಕಾಲು ಕಮ್ಮಿ, ಬಾಯಿ ಜಾಸ್ತಿ. ಬಾಯಿಗೆ ಸೀಟು ಮಾಡೋರು ಇನ್ನೂ ಹುಟ್ಟಿಲ್ಲ" ಎಂದಿದ್ದರು. ಈ ಮಾತನ್ನು ನಾನೇ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಬೇರೆಯವರು ಹೇಳುವ ಮೊದಲು ನಾವೇ ಹೇಳಿಬಿಟ್ಟರೆ ಅರ್ಧ ಅವಮಾನ ಉಳಿತಾಯ.

ಒಮ್ಮೆ ಊಟದ ಹೊತ್ತಿನಲ್ಲಿ ಕ್ಯಾಂಟೀನಿನ ಬೆಂಚನ್ನೇ ಸೈಕಲ್ ಮಾಡಿಕೊಂಡು ಅವರನ್ನು ಅಣಕಿಸುತ್ತಿದ್ದೆ. ನಗುತ್ತಿದ್ದವರ ಸದ್ದು ಥಟ್ಟನೆ ನಿಂತಿತು. ತಿರುಗಿ ನೋಡಿದರೆ ಸಾರ್, ಕೈಯಲ್ಲಿ ಊಟದ ಡಬ್ಬಿ. ಬೈಯುತ್ತಾರೆಂದುಕೊಂಡೆ. ಡಬ್ಬಿ ಕೆಳಗಿಟ್ಟು, ಹಿಂದೆ ನಿಂತು, ನನ್ನ ತಲೆ ಹಿಡಿದು ಇನ್ನೂ ಎರಡು ಬೆರಳು ಮುಂದಕ್ಕೆ ತಳ್ಳಿದರು.

"ಕತ್ತು ಇಲ್ಲಿಗೆ ಬರ್ಬೇಕು. ಈಗ ನೋವು ಬಂತಾ?"

"ಬಂತು ಸಾರ್."

"ಹ್ಞಾ. ಈಗ ಸರಿಯಾಯ್ತು" ಎಂದು ಡಬ್ಬಿ ತೆಗೆದುಕೊಂಡು ಹೋದರು. ಆ ನೋವು ಅವರಿಗೆ ದಿನವೂ ಇತ್ತೆಂದು ನನಗೆ ತಿಳಿದದ್ದು ಹಾಗೆ.

ಅವರ ಮನೆಗೆ ನಾನು ಹೋದದ್ದು ಅದರ ಮುಂದಿನ ವಾರ, ಮಾಡಿದ ಕುಚೋದ್ಯಕ್ಕೆ ಸಮಾಧಾನವೆಂಬಂತೆ ನಾಲ್ಕು ಬಾಳೆಹಣ್ಣು ಹಿಡಿದುಕೊಂಡು. ಎರಡು ಕೋಣೆ. ಗೋಡೆಯ ಮೊಳೆಗೆ ಅವರದೇ ಅಳತೆಯ ಹಳೆಯ ಕರಿ ಸೈಕಲ್ ನೇತುಹಾಕಿತ್ತು. ಬೂದು ಸೈಕಲ್ ಮಾತ್ರ ನಡುಮನೆಯಲ್ಲಿ, ಫ್ಯಾನಿನ ಕೆಳಗೆ. ಲೋಟಗಳು ಎರಡಿದ್ದವು. ಎರಡನೆಯದರಲ್ಲಿ ಸೀಮೆಎಣ್ಣೆ ಹಾಕಿ ಚಕ್ರದ ಬೇರಿಂಗ್ ಗೋಲಿಗಳನ್ನು ನೆನೆಯಲು ಬಿಟ್ಟಿದ್ದರು. ನಾನು ಬಂದೆನೆಂದು ಗೋಲಿಗಳನ್ನು ಬಟ್ಟೆಯ ಮೇಲೆ ಬಸಿದು, ಲೋಟವನ್ನು ಬೂದಿ ಹಾಕಿ ತಿಕ್ಕಿ ತಿಕ್ಕಿ ತೊಳೆದು, ಅದರಲ್ಲಿ ಕಾಫಿ ಕೊಟ್ಟರು. ಆದರೂ ವಾಸನೆ ಇತ್ತು. ಆ ಲೋಟಕ್ಕೆ ಅತಿಥಿಗಳ ಅಭ್ಯಾಸ ತಪ್ಪಿ ಬಹಳ ಕಾಲವಾಗಿರಬೇಕು.

"ಸಾರ್, ಅಷ್ಟು ನೋವಿದ್ರೆ ಗೋಡೆ ಮೇಲಿರೋದನ್ನ ಇಳಿಸ್ಕೋಬಾರ್ದಾ?" ಎಂದೆ.

ಉತ್ತರವಾಗಿ ಅವರು ಭಾನುವಾರಗಳ ಕತೆ ಹೇಳಿದರು. ದೊರೆ ಇಲ್ಲಿದ್ದಷ್ಟು ದಿನ ಪ್ರತಿ ಭಾನುವಾರ ಇಬ್ಬರೂ ಸೂಳಗಿರಿಯವರೆಗೆ ಹೋಗಿ ಬರುತ್ತಿದ್ದರಂತೆ. ಅವನು ಬೂದು ಸೈಕಲ್ಲಿನಲ್ಲಿ, ಇವರು ಕರಿಯದರಲ್ಲಿ. ಅವನ ಇಂಗ್ಲಿಷು ಇವರಿಗೆ ಅರ್ಧ ತಿಳಿಯದು, ಇವರದು ಅವನಿಗೆ ಪೂರ್ತಿ ತಿಳಿಯದು. ಆಷಾಢದಲ್ಲಿ ವಾಪಸು ಬರುವಾಗ ಪಡುವಣ ಗಾಳಿ ಎದೆಗೇ ಬಡಿಯುತ್ತದೆ.

"ಮುಂದಿರೋನು ಗಾಳಿ ಒಡೀತಾನೆ. ಹಿಂದಿರೋನು ಅವನ ಬೆನ್ನಿಗಂಟ್ಕೊಂಡು ಸುಮ್ನೆ ಬರ್ತಾನೆ. ಮುಂದಿನವನಿಗೆ ಸುಸ್ತಾದ್ರೆ ಮೊಣಕೈ ಹೀಗೆ ಒಂದ್ಸಲ ಆಡಿಸಿ ಪಕ್ಕಕ್ಕೆ ಸರೀತಾನೆ. ಹಿಂದಿನವನು ಮುಂದೆ ಬರ್ತಾನೆ. ಹೀಗೇ ಹೊಸೂರು ತನಕ. ಮಾತು ಯಾಕೆ ಬೇಕು?" ಕಾಫಿ ಮುಗಿಸಿ ಲೋಟದ ತಳ ನೋಡುತ್ತ ಹೇಳಿದರು. "ಅಷ್ಟು ದೊಡ್ಡ ಮನುಷ್ಯ. ನಾನು ಗಾಳಿ ಒಡೆದ್ರೆ ಅವನಿಗೆಷ್ಟು ಮರೆ ಸಿಗ್ತಿತ್ತೋ. ಆದ್ರೂ ನನ್ನ ಸರದಿ ನಂಗೆ ಬಿಡ್ತಿದ್ದ."

ಇನ್ನೊಂದು ಭಾನುವಾರ ನಾನು ಹೊಸ ಮೊಪೆಡ್ಡಿನಲ್ಲಿ ಸೂಳಗಿರಿಯ ಮದುವೆಯೊಂದಕ್ಕೆ ಹೋಗಿ ಬರುತ್ತಿದ್ದೆ. ಹೊಟ್ಟೆ ತುಂಬ ಪಾಯಸ, ಮುಖದ ತುಂಬ ಗಾಳಿ. ದೂರದಲ್ಲಿ ಬೂದು ಸೈಕಲ್ ಕಾಣಿಸಿತು. ಸಾರ್ ಒಬ್ಬರೇ ಹೋಗುತ್ತಿದ್ದರು. ಹಿಂದಿನಿಂದ ಹೋಗಿ ಹಾರ್ನ್ ಹೊಡೆದು ಬೆಚ್ಚಿಬೀಳಿಸಬೇಕೆಂದು ವೇಗ ತಗ್ಗಿಸಿದೆ. ಅಷ್ಟರಲ್ಲಿ ಸಾರ್ ಬಲಮೊಣಕೈಯನ್ನು ಒಂದು ಸಲ ಆಡಿಸಿದರು. ರಸ್ತೆಯ ಅಂಚಿಗೆ ಸರಿದರು. ಯಾರಿಗೋ ದಾರಿ ಬಿಟ್ಟವರಂತೆ ಸ್ವಲ್ಪ ದೂರ ಹಾಗೇ ಹೋದರು. ಆಮೇಲೆ ತಿರುಗಿ ನಡುರಸ್ತೆಗೆ ಬಂದು ತಲೆ ತಗ್ಗಿಸಿ ತುಳಿಯತೊಡಗಿದರು.

ನಾನು ಹಾರ್ನ್ ಹೊಡೆಯಲಿಲ್ಲ. ಅದನ್ನು ಇವತ್ತಿಗೂ ಯಾರ ಮುಂದೂ ಅಣಕಿಸಿ ತೋರಿಸಿಲ್ಲ.

ಮಾರನೆಯ ದಿನ, "ಭಾನುವಾರ ಗಾಳಿಗೆ ನಾನು ಬರ್ತೀನಿ ಸಾರ್, ಮೊಪೆಡ್ಡಲ್ಲಿ ಮುಂದೆ ಹೋಗ್ತೀನಿ, ನೀವು ಹಿಂದೆ ಬನ್ನಿ" ಎಂದೆ.

"ಮೊಪೆಡ್ಡಿನ ಹಿಂದೆ ಬಂದ್ರೆ ಹೊಗೆ ಸಿಗುತ್ತೆ ಕಣಯ್ಯ. ಅದೂ ಅಲ್ದೆ, ಒಬ್ಬ ತುಳೀದೇ ಇದ್ರೆ ಅದೇನು ಪಾಲು?"

ಅವರಿಗೆ ಬೇಕಾಗಿದ್ದದ್ದು ಅಷ್ಟೇ. ಭಾನುವಾರದ ಗಾಳಿಗೆ ತುಳಿಯುವವನೊಬ್ಬ. ಆದರೆ ಹೊಸೂರಿನಲ್ಲಿ ಆ ವರ್ಷಗಳಲ್ಲಿ ತುಳಿಯುವುದನ್ನು ಬಿಡುವುದೇ ಮನುಷ್ಯ ಮುಂದೆ ಬಂದ ಗುರುತಾಗಿತ್ತು. ಕಾರ್ಖಾನೆಯ ಸೈಕಲ್ ಸ್ಟ್ಯಾಂಡು ತಿಂಗಳು ತಿಂಗಳಿಗೂ ಸವೆಯಿತು, ಪಕ್ಕದ ಮೊಪೆಡ್ ಸ್ಟ್ಯಾಂಡಿಗೆ ಹೊಸ ತಗಡು ಹೊದಿಸಿದರು. ಗೇಟಿನಲ್ಲಿ ಸ್ಪ್ಯಾನರ್ ಹಿಡಿದು ನಿಂತ ಸಾರ್ ಮುಂದೆ ಎಲ್ಲರೂ ಬುರ್‌ ಎಂದು ನಗುತ್ತ ಕೈಬೀಸಿ ಹೋಗುತ್ತಿದ್ದರು. ನಾನೂ.

ಆಗ ಬಂದವನು ಉದ್ದಣ್ಣ. ಹೆಸರು ನಾನಿಟ್ಟದ್ದು. ಗುಮ್ಮಳಾಪುರದ ಹೊಲದ ಮನೆಯಿಂದ ಬಂದು ಅಸೆಂಬ್ಲಿಗೆ ಸೇರಿದ ಹುಡುಗ. ಬಾಗಿಲು ಕಂಡಲ್ಲೆಲ್ಲ ತಲೆ ತಗ್ಗಿಸುವ ಎತ್ತರ. ವಾರವೆಲ್ಲ ಅವಲಪಲ್ಲಿಯಲ್ಲಿ ನಾಲ್ವರ ಜೊತೆ ರೂಮು, ತಿಂಗಳಿಗೊಮ್ಮೆ ಊರು. ತನ್ನದೊಂದು ಕರಿ ಸೈಕಲ್ಲಿನಲ್ಲಿ ಅವನು ಬರುವಾಗ ಮಂಡಿ ಎರಡೂ ಹ್ಯಾಂಡಲ್ಲಿಗೆ ಬಡಿಯುತ್ತಿದ್ದವು. ಬಹಳ ದಿನಕ್ಕೆ ಗೇಟಿನಲ್ಲಿ ಸಾರ್ ಧ್ವನಿ ಕೇಳಿಸಿತು.

"ಏನಪ್ಪಾ, ಕೂತ್ಕೊಂಡಿದ್ದೀಯೋ, ಹೊಂದ್ಕೊಂಡಿದ್ದೀಯೋ?"

"ಎರಡೂ ಇಲ್ಲ ಸಾರ್, ನೇತಾಡ್ಕಂಡಿವ್ನಿ" ಎಂದ ಅವನು.

ಸಾರ್ ಸ್ಪ್ಯಾನರ್ ತೆಗೆಯಲಿಲ್ಲ. ಅವನನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ನೋಡಿದರು. ಹೋಗಿ ಬೂದು ಸೈಕಲ್ ತಂದು, ಸೀಟು ಏರಿಸಿದರು, ಇನ್ನೂ ಏರಿಸಿದರು, ದೊರೆ ಹೋದಮೇಲೆ ಬೆಳಕು ಕಾಣದಿದ್ದ ಕಂಬಿ ಹೊರಗೆ ಬಂತು. "ಹತ್ತು" ಎಂದರು. ಉದ್ದಣ್ಣ ಹತ್ತಿ ಅಂಗಳದಲ್ಲಿ ಒಂದು ಸುತ್ತು ಹೊಡೆದ. ನನ್ನಂಥವನಿಗೂ ಗೊತ್ತಾಯಿತು. ಅಷ್ಟು ವರ್ಷ ನಾವು ನೋಡಿ ನಕ್ಕದ್ದು ಆ ಸೈಕಲ್ಲನ್ನಲ್ಲ. ಆ ಸೈಕಲ್ಲನ್ನು ನಾವು ನೋಡೇ ಇರಲಿಲ್ಲ. ಕಾಲು, ಬೆನ್ನು, ತೋಳು ಎಲ್ಲ ಒಂದೇ ಗೆರೆಯಲ್ಲಿ ಎಳೆದು ಬಿಟ್ಟಂತಿತ್ತು. ಸಾರ್ ಗುಂಡು ಇಳಿಬಿಟ್ಟು ನೋಡಬೇಕಾಗಿಯೂ ಬರಲಿಲ್ಲ. ಬಾಯಿ ಸ್ವಲ್ಪ ತೆರೆದುಕೊಂಡು ನಿಂತಿದ್ದರು.

"ತಗೊಂಡ್ಹೋಗು" ಎಂದರು ಅವನು ಇಳಿದಾಗ.

"ಎಲ್ಲಿಗೆ ಸಾರ್?"

"ನಿಂಗೇ. ದುಡ್ಡು ಕಾಸು ಬೇಡ. ಭಾನುವಾರ ಬೆಳಿಗ್ಗೆ ಸೂಳಗಿರಿಗೆ ಬಾ. ಪ್ರತಿ ಭಾನುವಾರ. ಅಷ್ಟು ಸಾಕು."

"ಬತ್ತೀನಿ ಸಾರ್. ಯಾಕ್ ಬರಲ್ಲ!"

ಬಂದ ಕೂಡ. ಸಾರ್ ಗೋಡೆಯ ಮೊಳೆಯಿಂದ ತಮ್ಮ ಕರಿ ಸೈಕಲ್ ಇಳಿಸಿದರು. ಸೋಮವಾರಗಳಲ್ಲಿ ಇನ್‌ಸ್ಪೆಕ್ಷನ್ ಮೇಜಿನ ಹಿಂದೆ ಕೂತ ಮನುಷ್ಯನ ಕತ್ತು ನೆಟ್ಟಗಾಗಿತ್ತು. ನನ್ನ ಕಸುಬಿಗೆ ಕಲ್ಲು ಬಿತ್ತು, ಅಣಕಿಸಲು ಹೋದರೆ ಹಳೇ ಸಾರ್ ಬರುತ್ತಿದ್ದರು, ಜನ "ಇದು ಯಾರು?" ಎನ್ನುತ್ತಿದ್ದರು. ಕ್ಯಾಂಟೀನಿನಲ್ಲಿ ಎರಡನೇ ವಡೆ ಕೇಳಿ ಹಾಕಿಸಿಕೊಳ್ಳುವರು. "ನಿನ್ನೆ ವಾಪಸು ಬರ್ತಾ ಅವನೇ ಮೊಣಕೈ ಆಡಿಸ್ದ ಕಣಯ್ಯ, ನಾನು ಜ್ಞಾಪಿಸ್ಲೇ ಇಲ್ಲ" ಎಂದರು ಒಂದು ದಿನ. ಪಿಂಚಣಿ ಮಂಜೂರಾದವರ ದನಿಯಿತ್ತು ಅದರಲ್ಲಿ.

ಅದು ಆಷಾಢ. ದಸರಾ ಹೊತ್ತಿಗೆ ಉದ್ದಣ್ಣ ಶನಿವಾರ ಸಂಜೆಯೇ ಊರಿಗೆ ಹೋಗತೊಡಗಿದ. ಮೊದಲು ಒಂದು ವಾರ, ಆಮೇಲೆ ಪ್ರತಿ ವಾರ. ಸೋಮವಾರ ಬಸ್ಸಿನಲ್ಲಿ ಬರುತ್ತಿದ್ದ.

"ಸೈಕಲ್ ಎಲ್ಲಪ್ಪಾ?"

"ಊರಲ್ಲೈತೆ ಸಾರ್."

"ಭಾನುವಾರ?"

"ಬತ್ತೀನಿ ಸಾರ್, ವಸಿ ಮನೇಲಿ ಕೆಲ್ಸ..." ಎಂದು ಆ ಎತ್ತರದವನು ಚಪ್ಪಲಿ ನೋಡಿಕೊಳ್ಳುವನು. ಸಾರ್ "ಹ್ಞೂಂ, ಇರ್ಲಿ" ಎನ್ನುವರು. ಭಾನುವಾರ ಬೆಳಿಗ್ಗೆ ಅವಲಪಲ್ಲಿ ತಿರುವಿನಲ್ಲಿ ಅವರು ಸೈಕಲ್ ಹಿಡಿದು ನಿಂತಿರುವುದನ್ನು ಪೇಪರ್ ಹಾಕುವವರು ನೋಡಿದ್ದರು. ಬಿಸಿಲೇರುವ ತನಕ ನಿಂತು, ಹೋಗದೆ, ಮನೆಗೆ ತಿರುಗುತ್ತಿದ್ದರಂತೆ.

ಕಾರ್ತಿಕದಲ್ಲಿ ಒಂದು ಭಾನುವಾರ ಮಧ್ಯಾಹ್ನ ಅವರೇ ನಮ್ಮ ಮನೆಗೆ ಬಂದರು. "ಗುಮ್ಮಳಾಪುರಕ್ಕೆ ಹೋಗ್ತಿದ್ದೀನಿ. ದಾರಿ ಗೊತ್ತಿದ್ರೆ ಬಾ." ಅವರು ಕರಿ ಸೈಕಲ್ಲಿನಲ್ಲಿ, ನಾನು ಮೊಪೆಡ್ಡಿನಲ್ಲಿ ಹಿಂದೆ ಮುಂದೆ ಸುತ್ತುತ್ತ, ತಳಿ ಎಂಬ ಊರು ದಾಟಿ ರಾಗಿ ಹೊಲಗಳ ನಡುವೆ ಕೇಳಿಕೊಂಡು ಹೋದೆವು. ಗಾಳಿ ಮೂಡಣದ್ದು, ನಮ್ಮ ಬೆನ್ನಿಗಿತ್ತು.

ಮನೆಯ ಮುಂದೆ ನಾಲ್ಕು ಹಸು. ಹುಲ್ಲಿನ ಮೆದೆಗೆ ಒರಗಿ ಒಂದು ಸೈಕಲ್ಲು ನಿಂತಿತ್ತು. ಒಳ್ಳೆ ಕಡು ಹಸಿರು ಬಣ್ಣ, ಮೇಲೆ ಕೆಂಪು ಗೀಟು. ನೆಟ್ಟನೆಯ ಹ್ಯಾಂಡಲ್ಲು, ಅದರ ಎರಡು ತುದಿಗೂ ಪ್ಲಾಸ್ಟಿಕ್ ಕುಚ್ಚು. ಮಡ್‌ಗಾರ್ಡು, ಡೈನಮೋ, ಬೆಲ್ಲು. ಹಿಂದೆ ಎತ್ತಿನ ಗಾಡಿಗೆ ಹಾಕುವಂಥ ಕಬ್ಬಿಣದ ಕ್ಯಾರಿಯರ್ರು, ಅದರ ಎರಡು ಬದಿಗೂ ಹಾಲಿನ ಕ್ಯಾನು. ಅದು ಯಾವ ಸೈಕಲ್ಲೆಂದು ನನಗೆ ಹೊಳೆಯುವ ಮೊದಲೇ ಸಾರ್ ಅದರ ಹತ್ತಿರ ಹೋಗಿ ನಿಂತಿದ್ದರು.

ಒಳಗಿನಿಂದ ಬಂದ ಅಪ್ಪ ಉದ್ದಣ್ಣನಿಗಿಂತ ಉದ್ದ. ಅವನ ಹಿಂದೆ ಬಂದ ತಮ್ಮ ಇಬ್ಬರಿಗಿಂತಲೂ ಉದ್ದ. ಅವ್ವ ನನ್ನ ತಲೆಯ ಮೇಲಿನಿಂದ ಸಾರ್ ಅವರನ್ನು ನೋಡಿದಳು. ತೆಂಗಿನ ತೋಪಿಗೆ ನುಗ್ಗಿದ ಎರಡು ನೆಲಗಡಲೆ ಗಿಡಗಳಂತೆ ನಿಂತೆವು ನಾವು. ಉದ್ದಣ್ಣ ಮಾತ್ರ ಹಟ್ಟಿಯ ಬಾಗಿಲಲ್ಲೇ ಸೆಗಣಿ ಕೈಯಲ್ಲಿ ನಿಂತುಬಿಟ್ಟ.

"ಬನ್ನಿ ಸ್ವಾಮಿ! ನೀವು ಕೊಟ್ಟಿದ್ದಲ್ವಾ? ಪಾಪ, ಬಣ್ಣಾನೂ ಇಲ್ದೆ ಬೋಳುಬೋಳಾಗಿತ್ತು. ಆಯುಧಪೂಜೆಗೆ ನಾನೇ ಹೊಡ್ಸಿದೆ" ಎಂದ ಅಪ್ಪ ಹೆಮ್ಮೆಯಿಂದ. "ಬಂಡಿ ಅಂದ್ರೆ ಬಂಡಿ. ನಮ್ ಮನೇಲಿ ಯಾರ್ ಹತ್ತುದ್ರೂ ಸರಿಯಾಯ್ತದೆ. ತಳಿ ವ್ಯಾನಿಗೆ ಹಾಲಾಕೋಕೆ ವಾರವೆಲ್ಲ ನಾನು, ಶನಿವಾರ ಭಾನುವಾರ ಇವ್ನು. ಲೇ, ಬಾ ಕಣ್ಲಾ, ನಿಮ್ ಸಾರ್ ಬಂದವ್ರೆ!"

ಸಾರ್ ಬಗ್ಗಿ ಹಸಿರು ಬಣ್ಣದ ಮೇಲೆ ಉಗುರಿನಿಂದ ಎರಡು ಸಲ ಕುಟ್ಟಿ ಕಿವಿಗೊಟ್ಟರು. "ಹ್ಞೂಂ" ಎಂದರು. "ಇರ್ಲಿ" ಎನ್ನಲಿಲ್ಲ.

ಉದ್ದಣ್ಣ ಬಂದ. "ತಗೊಂಡೋಗ್ಬುಡಿ ಸಾರ್. ನಾನ್ ಹೇಳ್ದೆ, ಇದು ಹಾಲಿನ ಸೈಕಲ್ಲಲ್ಲ ಅಂತ. ಕೇಳ್ಲಿಲ್ಲ ಇವ್ರು. ಈಗ್ಲೇ ಎಲ್ಲಾ ಬಿಚ್ಬುಡ್ತೀನಿ" ಎನ್ನುತ್ತ ಸೆಗಣಿ ಕೈಯಲ್ಲೇ ಕ್ಯಾನು ಇಳಿಸಲು ಬಗ್ಗಿದ. ಅಪ್ಪನ ನಗು ಮುಖದ ಮೇಲೆ ಅರ್ಧಕ್ಕೆ ನಿಂತಿತು.

"ಸ್ಪ್ಯಾನರ್ ಇದ್ಯಾ?" ಎಂದರು ಸಾರ್.

ಬಿಚ್ಚಿಯೇ ಒಯ್ಯುತ್ತಾರೆಂದು ಎಲ್ಲರೂ ಅಂದುಕೊಂಡೆವು. ಸ್ಪ್ಯಾನರ್ ಬಂತು. "ಹಾಲು ಕರೆದಾಯ್ತಾ? ಕ್ಯಾನು ತುಂಬ್ಸಿ. ತುಂಬಿದ್ಮೇಲೆ ಕೂತ್ಕೋಬೇಕು" ಎಂದರು ಅಪ್ಪನಿಗೆ. ತುಂಬಿದ ಕ್ಯಾನುಗಳ ನಡುವೆ ಅಪ್ಪ ಕೂತ. ಸಾರ್ ಕೆಸರಿನಲ್ಲೇ ಮಂಡಿಯೂರಿ, ಗುಂಡು ಇಳಿಬಿಟ್ಟು, "ಭಾರ ಎಲ್ಲಾ ಹಿಂದಕ್ಕೆ ಬಿದ್ದಿದೆ, ಅದಕ್ಕೇ ಮುಂದಿನ ಚಕ್ರ ಎದ್ದೇಳುತ್ತೆ. ಎದ್ದೇಳುತ್ತಾ?" ಎಂದು ಕೇಳಿದರು.

"ದಿಬ್ಬದಲ್ಲಿ ಕುದುರೆ ಎದ್ದಂಗೆ ಎದ್ದೇಳ್ತದೆ ಸ್ವಾಮಿ!"

ಕ್ಯಾರಿಯರ್ ಬಿಚ್ಚಿ ಒಂದು ಗೇಣು ಮುಂದಕ್ಕೆ ತಂದರು. ಹ್ಯಾಂಡಲ್ ತಗ್ಗಿಸಿದರು. ಸೀಟು ಏರಿಸಿದರು. ಅಪ್ಪ ಒಂದು ಸುತ್ತು ಹೋಗಿ ಬಂದು, "ಬಾಲ ಆಡ್ಸೋದ್ ಬುಟ್ಬುಡ್ತು ಕಣ್ಲಾ!" ಎಂದು ಕೂಗಿದ. ಅವ್ವ ದೊಡ್ಡ ಲೋಟದಲ್ಲಿ ಹಾಲು ಕೊಟ್ಟಳು.

"ಮಕ್ಳೆಷ್ಟು ಸ್ವಾಮಿ?" ಎಂದ ಅಪ್ಪ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು. ಹಾಗೆ ಕೂತಾಗಲೂ ಸಾರ್ ಭುಜದ ಮಟ್ಟಕ್ಕಿದ್ದ.

"ಇಲ್ಲ. ಮದುವೆ ಆಗ್ಲಿಲ್ಲ."

"ಮತ್ತೆ ಮನೇಲಿ?"

"ನಾನೇ."

ಅಪ್ಪ ಹೆಂಡತಿಯ ಕಡೆ ತಿರುಗಿ, "ಇನ್ನೊಂದ್ ಲೋಟ ಕೊಡಮ್ಮಿ" ಎಂದ.

ಸಂಜೆಯ ಹಾಲನ್ನು ತಳಿಯ ವ್ಯಾನಿಗೆ ಮುಟ್ಟಿಸಲು ಉದ್ದಣ್ಣ ಹೊರಟಾಗ ನಾವೂ ಹೊರಟೆವು. ಬರುವಾಗ ಬೆನ್ನಿಗಿದ್ದ ಗಾಳಿ ಈಗ ಎದೆಗೆ. ಸಾರ್ ಏನೂ ಹೇಳದೆ ತಮ್ಮ ಕರಿ ಸೈಕಲ್ಲನ್ನು ಆ ಹಸಿರು ಸೈಕಲ್ಲಿನ ಹಿಂದೆ, ಎರಡು ಕ್ಯಾನುಗಳ ನಡುವಿನ ಸಂದಿಗೆ ತಂದು ಅಂಟಿಸಿಕೊಂಡರು. ಉದ್ದಣ್ಣ, ಅವನ ಅಗಲಕ್ಕೆ ಮತ್ತೆ ಎರಡು ಕ್ಯಾನು. ಊರ ಬಾಗಿಲೇ ಎದ್ದು ಮುಂದೆ ಹೋಗುತ್ತಿದ್ದಂತಿತ್ತು. ಹಿಂದೆ ಸಾರ್ ಕಾಣಿಸುತ್ತಲೇ ಇರಲಿಲ್ಲ. ತಳಿಯಲ್ಲಿ ವ್ಯಾನು ಕಾಯುತ್ತಿತ್ತು. ಹಾಲು ಅಳೆದು ಸುರಿದರು. ಉದ್ದಣ್ಣ ಖಾಲಿ ಕ್ಯಾನು ಹಿಡಿದು ಬಂದು ನಿಂತ.

"ಭಾನುವಾರ ಬರಕ್ಕಾಗಲ್ಲ ಸಾರ್. ಹಸುಗೆ ಭಾನುವಾರ ಗೊತ್ತಾಗಲ್ಲ."

"ನಂಗೂ ಇವತ್ತೇ ಗೊತ್ತಾಗಿದ್ದು" ಎಂದರು ಸಾರ್. "ಕತ್ತಲಾಗುತ್ತೆ, ಹೊರಡು. ತಿಂಗಳಿಗೊಂದ್ಸಲ ಚೈನಿಗೆ ಎಣ್ಣೆ ಬಿಡು."

ಅವನು ಊರ ಕಡೆ ತಿರುಗಿದ. ಖಾಲಿ ಕ್ಯಾನುಗಳ ಸದ್ದು ಗಾಳಿಗೆ ಬೇಗ ದೂರವಾಯಿತು. ಸಾರ್ ಹೊಸೂರಿನ ರಸ್ತೆ ಹಿಡಿದರು. ಮೂಡಣದ ಗಾಳಿ ಅವರ ಅಂಗಿಯನ್ನು ಹಿಂದಕ್ಕೆ ಊದಿಸಿತ್ತು. ನಾನು ಪಕ್ಕಕ್ಕೆ ಹೋಗಿ, "ಸಾರ್, ಹೊಗೆಯಾದ್ರೂ ಪರವಾಗಿಲ್ಲ, ಹಿಂದೆ ಬನ್ನಿ" ಎಂದೆ. ಬೇಡವೆಂದು ತಲೆಯಾಡಿಸಿದರು. ಸ್ವಲ್ಪ ದೂರ ಹೋಗಿ ಹಿಂತಿರುಗಿ ನೋಡಿದೆ. ಅಷ್ಟು ದೊಡ್ಡ ರಸ್ತೆಯಲ್ಲಿ ಅಷ್ಟು ಚಿಕ್ಕ ಮನುಷ್ಯ.

ಎಂಜಿನ್ ಆರಿಸಿದೆ. ಮೊಪೆಡ್ಡಿಗೆ ಪೆಡಲಿರುತ್ತದೆ, ಪೆಟ್ರೋಲು ಮುಗಿದವರು ಮಾನ ಮುಚ್ಚಿಕೊಂಡು ಮನೆ ಸೇರಲಿ ಎಂದು. ಅದನ್ನು ತುಳಿಯತೊಡಗಿದೆ. ಗಾಡಿ ಕಲ್ಲುಗುಂಡಿನಷ್ಟು ಭಾರ, ನನ್ನ ಕಾಲು ಎಂದಿನಂತೆ ಕಮ್ಮಿ. ಹತ್ತು ಸುತ್ತಿಗೆ ಎದೆ ಡವಗುಟ್ಟಿತು. ಹಿಂದೆ ಕರಿ ಸೈಕಲ್ಲಿನ ಚೈನಿನ ಸದ್ದು ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ನನ್ನ ಬೆನ್ನಿಗೇ ಬಂದು ನಿಂತಿತು.

ನಾನು ತಿರುಗಿ ನೋಡುವಂತಿರಲಿಲ್ಲ; ನೋಡಿದರೆ ಗಾಡಿ ಓಲುತ್ತಿತ್ತು. ಬಹಳ ಹೊತ್ತಿನ ಮೇಲೆ, ಗಾಳಿಯ ಮರೆಯಲ್ಲಿ ಉಸಿರು ಉಳಿದವರು ಮಾತಾಡುವಂತೆ ಮೆಲ್ಲಗೆ, ಅವರ ದನಿ ಕೇಳಿಸಿತು.

"ಆ ಮನೇಲಿ ಎಲ್ರಿಗೂ ಸರಿಯಾಗುತ್ತೆ ಕಣಯ್ಯ ಅದು. ನೋಡ್ದ್ಯಾ? ಎಲ್ರಿಗೂ. ನಂಗೊಬ್ಬನಿಗೇ ಆಗ್ತಿರ್ಲಿಲ್ಲ."

ಯಾವ ಮಾತಿಗೂ ಎದುರು ಮಾತು ಇಟ್ಟುಕೊಂಡಿರುವವನು ನಾನು. ಬಾಯಿ ತೆರೆದೆ. ಒಳಗೆ ಗಾಳಿ ನುಗ್ಗಿತು. ಮುಂದೆ ದಿಬ್ಬ ಕಾಣುತ್ತಿತ್ತು, ಹೊಸೂರು ಇನ್ನೂ ದೂರವಿತ್ತು. ತಲೆ ತಗ್ಗಿಸಿ ತುಳಿದೆ.